ಜಪ್ತಿ ಮಾಲು, ನಂಬರು ಹದಿನೇಳು

ನಾಶಪಡಿಸುವ ಮೊದಲು ಪರೀಕ್ಷಿಸಿ ಎಂದಿತ್ತು ಆದೇಶ.
ಯಾರು, ಹೇಗೆ, ಅದೊಂದೂ ಇರಲಿಲ್ಲ.
ನಾನು ಕಾರವಾರದ ಅಬಕಾರಿ ಕಚೇರಿಯ ಗುಮಾಸ್ತೆ,
ಸಾಣಿಕಟ್ಟೆಯ ಉಪ್ಪಿನಾಗರದ ಪಕ್ಕ ಬೆಳೆದವಳು,
ನಾಲಿಗೆಗೆ ಗೊತ್ತಿದ್ದದ್ದು ಉಪ್ಪು, ಹುಳಿ, ಜೋನಿಬೆಲ್ಲ.
ಹಾಗಾಗಿ ಸುಂಕೇರಿಯಿಂದ ಇನಾಸಬಾಬ ಬಂದರು:
ಎಪ್ಪತ್ತು ದಾಟಿದವರು, ಹಡಗಿನಲ್ಲಿ ಬಟ್ಲರ್ ಆಗಿದ್ದವರು,
ಭತ್ಯೆ ಎಷ್ಟು ಎಂದು ಕೇಳದ ಮೊದಲ ಪಂಚರು.

ನಿನ್ನೆಯೇ ಫೋನು ಮಾಡಿದ್ದರು:
ಬಾಟಲಿ ಮಲಗಿದ್ದರೆ ಎಬ್ಬಿಸಿ ನಿಲ್ಲಿಸು,
ಮೆಲ್ಲಗೆ, ಬಾಣಂತಿಯನ್ನು ಎಬ್ಬಿಸಿದ ಹಾಗೆ.
ಮಡ್ಡಿ ಇಳಿಯಲು ಒಂದು ರಾತ್ರಿ ಬೇಕು.

ಎರಡು ಬಾಟಲಿ. ಕೊರಳಿಗೆ ಸರಕಾರದ ಕೆಂಪು ಅರಗು,
ಕೆರೆದರೆ ಅದರಡಿ ವ್ಯಾಪಾರಿಯ ಕಪ್ಪು ಅರಗು.
ಅವನ ಚೀಟಿಯನ್ನು ಗೆದ್ದಲು ಓದಿ ಮುಗಿಸಿತ್ತು.
ಉಳಿದದ್ದು ನಮ್ಮದು: ಪೋರ್ಟ್ ವೈನು, ಕೋಡಿಬಾಗ ಧಕ್ಕೆ
(ಕಾಳಿಗೆ ಸೇತುವೆ ಇಲ್ಲದ ಕಾಲ),
ಒಣ ಬಂಗಡೆಯ ಬುಟ್ಟಿಯಡಿ ಸಿಕ್ಕಿದ್ದು,
ಆರೋಪಿ ಮಿಂಗೇಲ ಬಾರೆಟೊ. ಮೃತ.

ಮೊದಲನೆಯದನ್ನು ಮೂಸಿ ಅತ್ತ ಸರಿಸಿದರು.
‘ಕಿಟಕಿ ಪಕ್ಕ ಇಟ್ಟಿದ್ರಲ್ಲ? ಬಿಸಿಲು ಕುಡಿದಿದೆ.
ಮೀನಿಗೆ ಹಾಕಬಹುದು, ಬಾಯಿಗಲ್ಲ.’
ಬರೆದೆ: ಹುಳಿ. ಅಯೋಗ್ಯ.

ಎರಡನೆಯದರ ಬಿರಡೆ ಹಳೇ ರಸ್ಕಿನಂತೆ ಪುಡಿಯಾಯಿತು.
ಕರೆಂಟಿತ್ತು, ಆದರೂ ಮೇಣದಬತ್ತಿ ಕೇಳಿದರು.
ಕೊರಳ ಹಿಂದೆ ಉರಿ ಹಿಡಿದು, ಗಾಜಿನ ಹೂಜಿಯ ಬಾಯಿಗೆ
ತಮ್ಮ ಕರವಸ್ತ್ರ ಕಟ್ಟಿ, ಬಗ್ಗಿಸುತ್ತ ಹೋದರು.
ಅಳಿವೆಯಲ್ಲಿ ಮರಳದಿನ್ನೆ ಕಾಯುವ ಅಂಬಿಗನ ಕಣ್ಣು.
ಕಪ್ಪು ಗೆರೆ ಬಾಟಲಿಯ ಭುಜಕ್ಕೆ ಬಂದದ್ದೇ
ಕೈ ನಿಂತಿತು.

ಬಣ್ಣ, ಅಂತ ಓದಿದೆ. ಕೆಂಪು ಎಂದು ಬರೆಯಹೊರಟವಳನ್ನು ತಡೆದರು.
‘ನಡುವೆ ನೋಡು: ಒಣಗಿದ ಮುರುಗಲ ಸಿಪ್ಪೆ.
ಅಂಚಿನಲ್ಲಿ ನೋಡು: ಹಂಚು. ಹೊಸದಲ್ಲ,
ನಲವತ್ತು ಮಳೆಗಾಲ ಕಂಡದ್ದು.’
ಕಾಲಂ ಚಿಕ್ಕದು. ಕಂದು-ಕೆಂಪು ಎಂದೆ.

ವಾಸನೆ.
‘ಹುರಿದ ಗೋಡಂಬಿ. ತಡಿ.
ಅಂಜೂರ. ತಡಿ.
ದೋಣಿಯ ಒಳಮೈ, ಎಣ್ಣೆ ಹಚ್ಚಿದ್ದು,
ಮೀನು ಇನ್ನೂ ಮುಟ್ಟದ್ದು.’
ನಾನೂ ಮೂಸಿದೆ. ಬೆಲ್ಲದ ಡಬ್ಬಿ, ಅಷ್ಟೇ ಕಂಡಿತು.
ಅದೂ ಇದೆ ಎಂದರು, ಮರ್ಯಾದೆಗೆ.

ರುಚಿಗೆ ಮಾತ್ರ ಉತ್ತರ ತಡವಾಯಿತು.
ಗಡಿಯಾರ ನೋಡಿದೆ: ನುಂಗಿ ಒಂದು ನಿಮಿಷ,
ಗಂಟಲು ಇನ್ನೂ ಏನನ್ನೋ ಕೇಳಿಸಿಕೊಳ್ಳುತ್ತಿತ್ತು.
‘ಸಿಹಿಗೆ ವಯಸ್ಸಾಗಿದೆ, ಬೆನ್ನು ಬಾಗಿಲ್ಲ.
ಕೊನೆಗೊಂದು ಒಗರು, ಜಾಪತ್ರೆ ಕಚ್ಚಿದ ಹಾಗೆ.
ಇನ್ನೂ ಹತ್ತು ವರ್ಷ ಇಡಬಹುದಿತ್ತು.’
ನಾಳೆ ಹನ್ನೊಂದಕ್ಕೆ ಚೆಲ್ಲುತ್ತೇವೆ ಬಾಬ, ಅಂದೆ.

‘ಹಿಡಿದದ್ದು ಯಾವತ್ತು?’
ಅರವತ್ತೊಂಬತ್ತು, ಜನವರಿ ಹದಿನಾಲ್ಕು.
ಲೋಟವನ್ನು ಬೆಳಕಿಗೆ ಹಿಡಿದು ಸುಮ್ಮನೆ ತಿರುಗಿಸಿದರು.
‘ಹದಿನೈದಕ್ಕೆ ನನ್ನ ಮದುವೆ.
ಟೋಸ್ಟಿಗೆ ಕೋಕಂ ಶರಬತ್ತು ಕೊಟ್ಟರು, ಮಾರಾಯ್ತಿ.
ಎಲ್ಲರೂ ಗಂಭೀರವಾಗಿ ಎತ್ತಿದರು ಗ್ಲಾಸು.
ರೆಜಿನಾಗೆ ನಗು ತಡೆಯದೆ
ಶರಬತ್ತು ಮೂಗಿನಿಂದ ಬಂತು.’

ಫಾರಂನಲ್ಲಿ ಕೊನೆಯ ಪ್ರಶ್ನೆ ಅಚ್ಚಾಗಿಯೇ ಇರುತ್ತದೆ:
ಆರೋಪಿಯು ಪಂಚರಿಗೆ ಪರಿಚಿತನೇ?
ಓದಬಾರದಿತ್ತು. ಓದಿದೆ.
‘ಇಲ್ಲ’ ಅಂದರು, ಆ ಒಗರು ಬಾಯಲ್ಲಿರುವಾಗಲೇ.
ನಾನು ಇಲ್ಲ ಎಂದು ಬರೆದೆ.
ಎರಡನೇ ಗುಟುಕು ಕುಡಿಯಲಿಲ್ಲ. ಸಹಿ ಹಾಕಿದರು.

ಮಡ್ಡಿ ನಿಂತ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ
ಬಿಳಿ ಅಂಗಿಯ ಜೇಬಿಗೆ ಇಟ್ಟುಕೊಂಡರು.
ಅದೂ ಜಪ್ತಿ ಮಾಲೇ. ಹೇಳಬೇಕಿತ್ತು.
ಮೆಟ್ಟಿಲಿಳಿಯುವಾಗ ನೋಡಿದೆ,
ಜೇಬಿನಡಿ ಒಂದು ಕಲೆ ಮೆಲ್ಲಗೆ ಅಗಲವಾಗುತ್ತಿತ್ತು.

ಪ್ರಮಾಣದಲ್ಲಿ ಕೊರತೆ, ಕಾರಣ, ಎಂಬಲ್ಲಿ
ಆವಿಯಾಗಿದೆ ಎಂದು ಬರೆದು
ಪೆನ್ನು ಮುಚ್ಚಿದೆ.